ಹಿಂದೆ ಶಿಕ್ಷೆಯಾಗಿದೆಯೇ? ಹೌದು / ಇಲ್ಲ

ಲೈಸೆನ್ಸು ಕೊಡುವ ಟೇಬಲ್ಲಿನ ಹಿಂದೆ ಕೂತವನಿಗೆ ನಾಟಕ ನೋಡಲು ಬೇರೆ ಟಿಕೀಟು ಬೇಕಾಗುವುದಿಲ್ಲ. ನಾಟಕವೇ ಅರ್ಜಿ ಹಿಡಿದುಕೊಂಡು ಎದುರಿಗೆ ಬಂದು ನಿಲ್ಲುತ್ತದೆ, ಅದೂ ದಿನಾ ಬೆಳಗಾದರೆ. ಧಾರವಾಡದಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಆದ ನನ್ನನ್ನು ಸರಕಾರ ಲೈಸೆನ್ಸ್ ಕ್ಲಾರ್ಕ್ ಮಾಡಿತು. ಗದಗ-ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಅಂತ ಎಲ್ಲಿಗೆ ಎತ್ತಿ ಒಗೆದರೂ ಟೇಬಲ್ಲು ಮಾತ್ರ ಅದೇ, ಫಾರ್ಮೂ ಅದೇ. ಯಾವ ಪ್ರಸಂಗ ಯಾವ ಕಚೇರಿಯಲ್ಲಿ ನಡೆಯಿತು ಅಂತ ಮಾತ್ರ ಕೇಳಬೇಡಿ. ಪಿಂಚಣಿ ತಿನ್ನುವ ಮನುಷ್ಯ ನಾನು.

ಆ ಫಾರ್ಮಿನ ಹನ್ನೊಂದನೇ ಕಾಲಮ್ಮು ಹೀಗಿತ್ತು: 'ಅರ್ಜಿದಾರನಿಗೆ ಹಿಂದೆ ಯಾವುದಾದರೂ ಅಪರಾಧಕ್ಕಾಗಿ ಶಿಕ್ಷೆಯಾಗಿದೆಯೇ? ಹೌದು / ಇಲ್ಲ.' ಹತ್ತರವರೆಗೆ ಸರಸರ ಬರೆದವರು ಇಲ್ಲಿಗೆ ಬಂದಕೂಡಲೆ ಪೆನ್ನಿನ ಟೊಪ್ಪಿಗೆ ಕಚ್ಚಲು ಶುರು ಮಾಡುತ್ತಿದ್ದರು. ನನ್ನ ಸಂತೋಷ ಶುರುವಾಗುತ್ತಿದ್ದದ್ದೂ ಅಲ್ಲಿಂದಲೇ.

೧. ಬೆನ್ನಿಗೆ ಬೆನ್ನು

ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಕೊಡಲು ಹತ್ತಿದ ಹೊಸತು. ಪಿಂಚಣಿಯ ಟೇಬಲ್ಲು ನನ್ನ ಬೆನ್ನಿಗೇ ಇತ್ತು. ಅಲ್ಲಿ ಜೈಲಿಗೆ ಹೋಗಿದ್ದಕ್ಕೆ ದಾಖಲೆ ಬೇಕು, ನನ್ನಲ್ಲಿ ಹೋಗದೇ ಇದ್ದದ್ದಕ್ಕೆ ದಾಖಲೆ ಬೇಕು.

ಕುರ್ತಕೋಟಿಯ ಅಜ್ಜ ಒಬ್ಬ ಒಂದೇ ದಿನ ಎರಡೂ ಕಡೆ ಅರ್ಜಿ ಕೊಟ್ಟ. ಆ ಕಡೆ ಪಿಂಚಣಿಗೆ, ಈ ಕಡೆ ಸೀಮೆಎಣ್ಣೆ ಮಾರುವ ಲೈಸೆನ್ಸಿಗೆ. ಆ ಅರ್ಜಿಯಲ್ಲಿ 'ಟಪಾಲಿನ ತಂತಿ ಕತ್ತರಿಸಿದ್ದಕ್ಕೆ ಆರು ತಿಂಗಳು ಸಜಾ' ಅಂತಿದೆ. ನನ್ನ ಟೇಬಲ್ಲಿನ ಅರ್ಜಿಯಲ್ಲಿ ಹನ್ನೊಂದನೇ ಕಾಲಮ್ಮಿಗೆ 'ಇಲ್ಲ' ಅಂತಿದೆ. ಅಕ್ಷರ ಒಂದೇ, ಮಸಿ ಒಂದೇ.

"ಅಜ್ಜಾರ, ಎರಡರಾಗ ಒಂದು ಸುಳ್ಳ ಐತಲ್ರಿ?" ಅಂದೆ.

"ಯಾವುದೂ ಸುಳ್ಳಲ್ಲ ತಮ್ಮಾ. ಸಜಾ ಮಾಡಿದಾವ ಬ್ರಿಟಿಷರಾವ. ನಿಮ್ಮ ಸರಕಾರ ನನಗೇನ ಮಾಡೇತಿ? ಏನೂ ಮಾಡಿಲ್ಲ. ಅದಕ್ಕ 'ಇಲ್ಲ' ಅಂತ ಬರದೇನಿ."

ಹೆಡ್ ಕ್ಲಾರ್ಕರಿಗೆ ಸಿಟ್ಟು ಬಂತು. "ಖೊಟ್ಟಿ ಮಾಹಿತಿ ಕೊಟ್ಟದ್ದಕ್ಕ ಒಳಗ ಹಾಕಸ್ತೇನಿ ನೋಡು ಮತ್ತ!" ಅಂತ ಗದರಿಸಿದರು.

ಅಜ್ಜ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ: "ಇನ್ನೊಮ್ಮೆ ಒಳಗ ಹೋಗಿಬಂದ್ರ ಪಿಂಚಣಿ ಡಬಲ್ ಕೊಡ್ತಾರೇನೋ ತಮ್ಮಾ?"

೨. ಶಾಣ್ಯಾ ಮಗ

ಇದು ಸಣ್ಣದು. ಶಿರಹಟ್ಟಿ ಕಡೆಯ ಹುಡುಗನೊಬ್ಬ ಬಸ್ ಕಂಡಕ್ಟರ್ ಲೈಸೆನ್ಸಿಗೆ ಅರ್ಜಿ ಹಾಕಿದ್ದ. ನಡತೆ ವಿಚಾರಿಸಿ ವರದಿ ಕೊಡಲು ಹವಾಲ್ದಾರರು ಅವನ ಮನೆಗೆ ಹೋದರು. ಹುಡುಗ ಇರಲಿಲ್ಲ, ತಾಯಿ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು.

"ಯವ್ವಾ, ನಿನ್ನ ಮಗನ ಮ್ಯಾಲೆ ಹಿಂದ ಏನರ ಕೇಸ್ ಗೀಸ್ ಆಗ್ಯಾವೇನು?"

ಆಕೆ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಹೆಮ್ಮೆಯಿಂದ ಹೇಳಿದಳಂತೆ: "ಇಲ್ರೀ ಯಪ್ಪಾ! ನಮ್ಮ ಹುಡುಗ ಭಾಳ ಶಾಣ್ಯಾ. ಇಲ್ಲೀತನಕಾ ಒಮ್ಮೆನೂ ಸಿಕ್ಕಿಲ್ಲ!"

೩. ನಂಬರಿನ ನಡತೆ

ಆಗ ಸ್ಟೇಶನ್ನಿನಿಂದ ಬೆಟಗೇರಿಗೆ ಹೋಗಬೇಕೆಂದರೆ ಟಾಂಗಾ. ಟಾಂಗಾ ಹೊಡೆಯುವವನ ತೋಳಿಗೆ ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೆ ನಂಬರು. ವರ್ಷಕ್ಕೊಮ್ಮೆ ಬಿಲ್ಲೆ ನವೀಕರಣ ಆಗಬೇಕು, ಅದಕ್ಕೆ ಪೋಲೀಸರ ವರದಿ ಬೇಕು.

ಹೊಸದಾಗಿ ಟಾಂಗಾ ಕೊಂಡ ಸಾಬರ ಹುಡುಗನೊಬ್ಬ ಬಂದ. ಬೀಡಿ ಸಹ ಸೇದದ ಬಡಪಾಯಿ. ವರದಿ ಬಂತು ನೋಡಿ: ಏಳು ಗುನ್ನೆ! ಅಡ್ಡಾದಿಡ್ಡಿ ಹೊಡೆದದ್ದು, ದೀಪ ಇಲ್ಲದೆ ಹೊಡೆದದ್ದು, ಆರು ಮಂದಿಯನ್ನು ಕೂಡಿಸಿದ್ದು, ಕುದುರೆಗೆ ನೀರು ಕುಡಿಸದೇ ಇದ್ದದ್ದು. ಏಳಕ್ಕೂ ದಂಡ. 'ಲೈಸೆನ್ಸಿಗೆ ಅರ್ಹನಲ್ಲ' ಅಂತ ಕೆಳಗೆ ಷರಾ.

ಹುಡುಗ ಅಳುವುದೊಂದು ಬಾಕಿ. ನಾನು ತಾರೀಖು ನೋಡಿದೆ. ಮೊದಲನೇ ಗುನ್ನೆ ಇಂಗ್ಲಿಷರ ಕಾಲದ್ದು! ಠಾಣೆಯಲ್ಲಿ ಮನುಷ್ಯನ ಹೆಸರಿನ ಮೇಲಲ್ಲ, ಬಿಲ್ಲೆಯ ನಂಬರಿನ ಮೇಲೆ ಗುನ್ನೆ ಬರೆದಿಡುತ್ತಾ ಬಂದಿದ್ದಾರೆ. ಟಾಂಗಾ ಕೊಂಡವನಿಗೆ ಕುದುರೆ, ಚಾಬೂಕು, ಹಳೇ ಬಿಲ್ಲೆಯ ಜೊತೆಗೆ ಹಿಂದಿನ ಮೂವರು ಮಾಲೀಕರ ಪಾಪವೂ ಬಂದುಬಿಟ್ಟಿದೆ.

ಹವಾಲ್ದಾರರನ್ನು ಕರೆಸಿ ತೋರಿಸಿದೆ. ಹುಡುಗನೂ ಧೈರ್ಯ ಮಾಡಿ, "ಸಾಬ್, ಈ ಗುನ್ನೆ ಆದಾಗ ನಮ್ಮ ಅಮ್ಮಾಂದು ಶಾದಿನೂ ಆಗಿರಲಿಲ್ರಿ" ಅಂದ.

ಹವಾಲ್ದಾರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಉದಾರವಾಗಿ ಹೇಳಿದರು: "ಆತು, ಅದೊಂದು ಬಿಡೂಣು. ಉಳದ ಆರಕ್ಕ ಏನ ಹೇಳ್ತಿ?"

ಕಡೆಗೆ ನಮ್ಮ ತಾಲೂಕಿನ ಮಾಮಲೇದಾರ ಸಾಹೇಬರೇ, ಈ ನಂಬರು ರದ್ದು ಮಾಡಿ ಹುಡುಗನಿಗೆ ಬೇರೆ ನಂಬರು ಕೊಡಿ ಅಂತ ಹುಕುಂ ಮಾಡಿದರು. ನಾನು ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು ಕೊಡಲು ಹೋದರೆ ಹುಡುಗ ಕೈ ಹಿಂದೆ ಎಳೆದುಕೊಂಡ.

"ತಡೀರಿ ಸಾಬ್. ಇದರ ನಡತಿ ಹೆಂಗೈತಿ, ಮೊದಲು ಠಾಣೇದಾಗ ಕೇಳ್ರಿ."

೪. ಸೋತವನ ಅದೃಷ್ಟ

ಲಕ್ಕುಂಡಿಯಿಂದ ಒಳಗೆ ಹೋದರೆ ಒಂದು ಹಳ್ಳಿ. ಆ ಹಳ್ಳಿಗೆ ಕಂಟ್ರೋಲ್ ಅಂಗಡಿ ಮಂಜೂರಾಯಿತು. ಸಕ್ಕರೆ, ಸೀಮೆಎಣ್ಣೆ ಎಲ್ಲ ಊರಲ್ಲೇ ಸಿಗುವ ಹಾಗೆ. ಲೈಸೆನ್ಸಿಗೆ ಆರು ಅರ್ಜಿ ಬಂದವು. ಐದರ ಮೇಲೆ ಪೋಲೀಸ್ ವರದಿ ಒಂದೇ: 'ಜೂಜಾಟ, ದಂಡ.' ದಿನವೂ ಒಂದೇ, ಹೊತ್ತೂ ಒಂದೇ, ಜಾಗವೂ ಒಂದೇ. ಶ್ರಾವಣದ ಮಧ್ಯಾಹ್ನ ಒಂದು ಬಣವೆಯ ಮರೆಯಲ್ಲಿ ಇಸ್ಪೀಟು ಆಡುತ್ತಿದ್ದಾಗ ಐವರೂ ಒಟ್ಟಿಗೆ ಸಿಕ್ಕುಬಿದ್ದಿದ್ದರು. ಆರನೆಯವನ ಕಾಗದ ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛ.

ಮಾಮಲೇದಾರರಿಗೆ ಬಹಳ ಸಂತೋಷವಾಯಿತು. ಲೈಸೆನ್ಸು ಕೊಡುವಾಗ ಆರೂ ಮಂದಿಯನ್ನು ನಿಲ್ಲಿಸಿಕೊಂಡು ಸಣ್ಣದೊಂದು ಭಾಷಣ ಮಾಡಿದರು. "ನೋಡ್ರಿ, ಕೆಟ್ಟ ಚಟಕ್ಕ ಬೀಳದಿದ್ರ ಮನಶ್ಯಾಗ ಎಂಥಾ ಬೆಲಿ ಐತಿ! ಇವನನ್ನ ನೋಡಿ ಕಲೀರಿ."

ಐವರಲ್ಲಿ ಒಬ್ಬ ತಡೆಯಲಾಗದೆ ಬಾಯಿ ಬಿಟ್ಟ. "ಸಾಹೇಬ್ರ, ಅವನೂ ನಮ್ಮ ಕೂಡನ ಆಡಾಕ ಕುಂತಿದ್ನರೀ! ಸೋತಾವ ಎಲ್ಲರಿಗೂ ಮಿರ್ಚಿಭಜಿ ತರಬೇಕು ಅಂತ ನೇಮ ಮಾಡಿದ್ವಿ. ಈ ಮಗ ಸೋತ, ತರಾಕ ಹೋದ. ಹೋದ ಮ್ಯಾಲೆ ಪೋಲೀಸರು ಬಂದ್ರು!"

ಮಾಮಲೇದಾರರು ಲೈಸೆನ್ಸು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಆರನೆಯವನನ್ನು ನೋಡಿದರು. "ಖರೇ ಏನಲೇ?"

"ಖರೆ ಐತ್ರಿ," ಅಂದ ಅವನು ತಲೆ ತಗ್ಗಿಸಿ. "ಆದ್ರ ಅಷ್ಟೂ ಭಜಿ ನಾನೊಬ್ಬನ ತಿಂದೆನ್ರಿ. ಆ ಶಿಕ್ಷಾ ಸಾಲದೇನ್ರಿ?"

೫. ಹಗುರ ಕೈ

ಇಷ್ಟು ವರ್ಷದಲ್ಲಿ ಹನ್ನೊಂದನೇ ಕಾಲಮ್ಮಿಗೆ ತಾನಾಗಿ 'ಹೌದು' ಅಂತ ಬರೆದವನನ್ನು ನಾನು ಒಬ್ಬನನ್ನೇ ಕಂಡದ್ದು. ಅಡರಕಟ್ಟಿ ಕಡೆಯ ಒಕ್ಕಲು ಮನೆತನದ ಹುಡುಗ, ಮೂವತ್ತರ ಆಜುಬಾಜು. ಪೇಟೆಯಲ್ಲಿ ಕಟಿಂಗ್ ಅಂಗಡಿ ಇಡಲು ಲೈಸೆನ್ಸು ಕೇಳಿದ್ದ. 'ಹೌದು. ಬದುವಿನ ಜಗಳದಲ್ಲಿ ಒಬ್ಬನ ಕೈ ಮುರಿದಿದ್ದಕ್ಕೆ ಎರಡು ವರ್ಷ' ಅಂತ ಚೆಂದಾಗಿ ಬರೆದಿದ್ದ. ಮುಂದಿನ ಕಾಲಮ್ಮು ಕಸುಬಿನ ಅನುಭವದ್ದು. ಅಲ್ಲಿಯೂ 'ಎರಡು ವರ್ಷ.'

"ಕಸಬು ಎಲ್ಲಿ ಕಲ್ತಿ?" ಅಂದೆ.

"ಅಲ್ಲೇ ರೀ. ಬೆಳಗಾಂವ್ ಜೈಲಿನ್ಯಾಗ."

ನಾನು ಪೆನ್ನು ಕೆಳಗಿಟ್ಟೆ. ಅನುಭವ ತೋರಿಸಿದರೆ ಶಿಕ್ಷೆ ಹೊರಗೆ ಬರುತ್ತದೆ, ಶಿಕ್ಷೆ ಮುಚ್ಚಿದರೆ ಅನುಭವವೇ ಇಲ್ಲ. ನನ್ನ ತರ್ಕಶಾಸ್ತ್ರದ ಮಾಸ್ತರರೂ ಇಂಥದ್ದನ್ನು ಪರೀಕ್ಷೆಗೆ ಕೊಟ್ಟಿರಲಿಲ್ಲ.

"ಮುಚ್ಚಿಟ್ಟಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲಲ್ಲೋ?"

"ಸುಳ್ಳ ಬರದು ತಗೊಂಡ್ರ ನಾಳೆ ಯಾರರ ಕಸಗೊಂತಾರ್ರಿ. ನನಗ ಗಟ್ಟಿ ಲೈಸೆನ್ಸ ಬೇಕ್ರಿ. ಹೆಣ್ಣಿನ ತಂದಿ ಕಟ್ಟ ಹಾಕ್ಯಾನ. 'ಸರಕಾರದ ಸಿಕ್ಕಾ ಇದ್ದ ಲೈಸೆನ್ಸ ತಂದು ತೋರಸು, ಆಮ್ಯಾಲೆ ಹುಡುಗೀನ ಕೊಡ್ತೇನಿ. ದೀವಳಿಗಿತನಕಾ ಕಾಯ್ತೇನಿ, ಮುಂದ ಬ್ಯಾರೆ ಕಡೆ ನೋಡ್ತೇನಿ' ಅಂದಾನ್ರಿ."

ದೀವಳಿಗೆಗೆ ಹದಿನೈದು ದಿನವೂ ಇರಲಿಲ್ಲ. ಕಾಯಿದೆ ಪುಸ್ತಕ ಹುಡುಕಿದೆ. ಒಂದು ಸಂದಿ ಸಿಕ್ಕಿತು: ಶಿಕ್ಷೆಯಾದವನಾದರೂ ಸರಿ, ಅವನನ್ನು ಹತ್ತಿರದಿಂದ ಬಲ್ಲ ಊರ ಪ್ರತಿಷ್ಠಿತ ಗೃಹಸ್ಥರೊಬ್ಬರು ಬಂದು ನಡತೆಗೂ ಕಸುಬಿಗೂ ಜಾಮೀನು ನಿಂತರೆ, ಸಾಹೇಬರಿಗೆ ಮನವರಿಕೆಯಾದರೆ, ಲೈಸೆನ್ಸು ಕೊಡಬಹುದು. "ಅಂಥಾವರು ಯಾರರ ಅದಾರೇನು?" ಅಂದೆ. ಹುಡುಗ ತಲೆ ಕೆರೆದುಕೊಂಡು, "ಒಬ್ಬರು ಅದಾರ್ರಿ. ಬರ್ತಾರೋ ಇಲ್ಲೋ, ಕೇಳಿ ನೋಡ್ತೇನ್ರಿ" ಅಂದ.

ಮೂರನೇ ದಿನ ಬಂದವರನ್ನು ನೋಡಿ ನಾನೇ ಎದ್ದು ನಿಂತೆ. ರೈತರ ಕಾಳು ದಲಾಲಿಗೆ ಮಾರಿಕೊಡುವ ಊರಿನ ದೊಡ್ಡ ಅಡತಿ ವ್ಯಾಪಾರಿ, ಶೆಟ್ಟರು! ಬಿಳಿ ಧೋತರ, ಕರಿ ಟೊಪ್ಪಿಗೆ, ಹಣೆಯ ಮೇಲೆ ಮೂರು ಬೆರಳು ವಿಭೂತಿ. ಗುಡಿ ಕಟ್ಟಿಸುವ ಕಮಿಟಿ ಇರಲಿ, ಶಾಲೆಯ ಕಮಿಟಿ ಇರಲಿ, ಇವರಿಲ್ಲದೆ ಇಲ್ಲ. ಅವರ ಹಿಂದೆ ಹುಡುಗ. ಹುಡುಗನ ಹಿಂದೆ ತಲೆಗೆ ದೊಡ್ಡ ಪಟಗ ಸುತ್ತಿದ, ಗಿರಿಜಾ ಮೀಸೆಯ ಮುದುಕನೊಬ್ಬ. "ಇವರ್ಯಾರೋ?" ಅಂತ ಕೇಳಿದೆ.

"ಹೆಣ್ಣಿನ ತಂದಿ ರೀ. ಲೈಸೆನ್ಸ ಕೊಡೂದನ್ನ ಕಣ್ಣಾರೆ ನೋಡ್ತೇನಿ ಅಂತ ಬಂದಾರ್ರಿ."

ಮುದುಕನನ್ನು ಬಾಗಿಲ ಹೊರಗೆ ಬಾಕಿನ ಮೇಲೆ ಕೂಡಿಸಿದೆ. ಜೈಲಿನ ಮಾತು ಅವನ ಕಿವಿಗೆ ಬಿದ್ದರೆ ಲಗ್ನ ಮುರಿದಂತೆಯೇ ಅಂತ ನನ್ನ ಲೆಕ್ಕ. ಒಳಗೆ ಹೋಗಿ ಮಾಮಲೇದಾರರ ಕಿವಿಯಲ್ಲಿ, "ಸಾಹೇಬ್ರ, ಬೀಗರು ಹೊರಗ ಕುಂತಾರ, ಸ್ವಲ್ಪ ಸಣ್ಣ ದನೀಲೆ ಕೇಳ್ರಿ" ಅಂದೆ. ಅವರೂ ಹೆಣ್ಣುಮಕ್ಕಳ ತಂದೆ, ತಲೆಯಾಡಿಸಿದರು.

"ಶೆಟ್ರ, ಈ ಹುಡುಗನ್ನ ನೀವು ಬಲ್ರೇನು?" ಸಾಹೇಬರು ಪಿಸುಮಾತಿನಲ್ಲಿ ಕೇಳಿದರು.

"ಬಲ್ಲೆನ್ರಿ!" ಶೆಟ್ಟರದು ಪೇಟೆಯಲ್ಲಿ ಸವಾಲು ಕೂಗಿ ಪಳಗಿದ ಕಂಠ. ಗೋಡೆಯ ಮೇಲಿನ ಹಲ್ಲಿ ಓಡಿತು. "ಬಂಗಾರದಂಥಾ ಹುಡುಗ ರೀ."

"ಕಸಬು ಬರತೈತೇನು?"

"ಏನ ಕೇಳ್ತೀರಿ ಸಾಹೇಬ್ರ! ಇವನಂಥಾ ಹಗುರ ಕೈ ಈ ಜಿಲ್ಲಾದಾಗ ಇಲ್ಲ. ದಾಡಿ ಮಾಡಾಕ ಹತ್ತಿದ್ರ ಕುಂತಲ್ಲೇ ನಿದ್ದಿ ಬರತೈತಿ. ಹನ್ನೊಂದು ತಿಂಗಳು ಇವನ ಕೈಲೇ ಮಾಡಿಸ್ಕೊಂಡೇನಿ, ಬ್ಯಾರೆಯಾವಗ ಗದ್ದ ಕೊಟ್ಟಿಲ್ಲ!"

"ಹನ್ನೊಂದು ತಿಂಗಳು?" ಸಾಹೇಬರು ಅರ್ಜಿ ನೋಡಿದರು. "ಎಲ್ಲಿ?"

"ಬೆಳಗಾಂವ್ ಜೈಲಿ..." ಅಂತ ಅದೇ ದನಿಯಲ್ಲಿ ಅರ್ಧ ಕೂಗಿದ ಶೆಟ್ಟರು ಬಾಯಿಗೆ ಕೈ ಅಡ್ಡ ಹಿಡಿದರು. ಕಾಳಿನ ಅಭಾವದ ವರ್ಷ ಜೋಳ ಬಚ್ಚಿಟ್ಟಿದ್ದಾರೆ ಅಂತ ಕೆಲವು ವ್ಯಾಪಾರಸ್ಥರನ್ನು ವಿಚಾರಣೆ ಇಲ್ಲದೆ ಒಳಗೆ ಹಾಕಿದ್ದು ನನಗೆ ನೆನಪಾಯಿತು. ಆ ವರ್ಷ ಶೆಟ್ಟರು ಕಾಶಿಗೆ ಹೋಗಿದ್ದಾರೆ ಅಂತ ಊರೆಲ್ಲ ನಂಬಿತ್ತು. ಬಂದ ಮೇಲೆ ಮನೆಮನೆಗೆ ಗಂಗೆಯನ್ನೂ ಹಂಚಿದ್ದರು!

ಶೆಟ್ಟರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಸಾಹೇಬ್ರ, ನನ್ನ ಅಡತಿ ಲೈಸೆನ್ಸ..." ಅಂದರು. ಮೊದಲ ಸಲ ಅವರ ದನಿ ಸಣ್ಣದಾಗಿತ್ತು.

"ನಿಮಗ ಶಿಕ್ಷಾ ಎಲ್ಲಿ ಆಗೇತ್ರಿ? ಕೇಸ ನಡೀಲಿಲ್ಲ, ಬರೇ ಕುಂಡ್ರಿಸಿ ಕಳಿಸ್ಯಾರ. ಹನ್ನೊಂದನೇ ಕಾಲಮ್ಮಿಗೆ ನೀವು 'ಇಲ್ಲ' ಅಂತ ಬರದದ್ದು ಖರೇನ ಐತಿ," ಅಂದರು ಮಾಮಲೇದಾರರು, ನಗು ತಡೆಯಲು ಮೂಗು ಒರೆಸಿಕೊಳ್ಳುತ್ತ. "ಆದ್ರ ಈ ಹುಡುಗಂದ ಹೆಂಗ? ನೀವು ಹಾಕಿದ ದನೀಗೆ ಹೊರಗ ಬೀಗರಿಗೆಲ್ಲಾ ಕೇಳಿರಬೇಕು."

ಕೇಳಿತ್ತು. ಬಾಗಿಲು ತೆರೆಯಿತು. ಪಟಗ ಮೊದಲು ಬಂತು, ಮೀಸೆ ಆಮೇಲೆ. ಹುಡುಗ ಗೋಡೆಗೆ ಆತು ನೆಲ ನೋಡುತ್ತ ನಿಂತ. ಆತು ಹೋತು ಬಿಡು, ಲೈಸೆನ್ಸೂ ಹೋಯಿತು, ಹೆಣ್ಣೂ ಹೋಯಿತು ಅಂದುಕೊಂಡೆ ನಾನು.

"ಯಜಮಾನ್ರ, ಕುಂಡ್ರಿ," ಸಾಹೇಬರು ಸಮಾಧಾನದ ದನಿ ತೆಗೆದರು. "ಹುಡುಗ ಒಂದು ತಪ್ಪು ಮಾಡ್ಯಾನ, ಖರೆ. ಆದ್ರ ಮುಚ್ಚಿಟ್ಟಿಲ್ಲ. ನೀವು ಗಡಿಬಿಡಿ ಮಾಡಿ ಲಗ್ನ ಮುರೀಬ್ಯಾಡ್ರಿ..."

"ಯಾಕ ಮುರೀಲ್ರಿ?" ಅಂದ ಮುದುಕ. "ಇವ ಒಳಗಿದ್ದದ್ದು ನನಗ ಗೊತ್ತಿಲ್ಲೇನು? ಇವನಿಗೆ ನಾನ ಹೇಳಿದ್ದೆ, ಎಲ್ಲಿ ಭೆಟ್ಟಿ ಆದ್ವಿ ಅಂತ ಯಾರ ಮುಂದನೂ ಬಾಯಿ ಬಿಡಬ್ಯಾಡ ಅಂತ."

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಶೆಟ್ಟರು ಮುದುಕನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಅಯ್ಯ! ಜೈಲಿನ ನಾಲ್ಕನೇ ಬರ್‍ಯಾಕಿನ ಗೌಡಾ! ಮೀಸಿ ಬಿಟ್ಟಿ, ಗುರತ ಸಿಗಲಿಲ್ಲಲ್ಲೋ!" ಅಂತ ಕೂಗಿದರು.

ಸಾಹೇಬರು ಕುರ್ಚಿಗೆ ಒರಗಿಬಿಟ್ಟರು. "ಹಂಗಾರ ಗೊತ್ತಿದ್ದೂ ಗೊತ್ತಿದ್ದೂ ಇಂಥಾವಗ ಹೆಣ್ಣ ಕೊಡಾಕ ಹ್ಯಾಂಗ ಒಪ್ಪಿದ್ರಿ? ಅದಕ್ಕ ಲೈಸೆನ್ಸಿನ ಕಟ್ಟ ಬ್ಯಾರೆ?"

"ಒಳಗ ಹಾಕಿದ್ದು ಸರಕಾರ ರೀ. ಚಲೋ ಆಗ್ಯಾನ ಅಂತ ಹೇಳೂದೂ ಸರಕಾರನ ಹೇಳಬೇಕು, ಅದಕ್ಕ ಲೈಸೆನ್ಸ ಕೇಳಿದೆ. ನನಗಂತೂ ಬೇಕಾಗಿರಲಿಲ್ಲ." ಮುದುಕ ಪಟಗ ಸರಿಮಾಡಿಕೊಂಡು, ಗದ್ದ ಎತ್ತಿ ಗಂಟಲು ತೋರಿಸಿದ. "ಒಂದೂವರಿ ವರ್ಷ, ವಾರಕ್ಕೊಮ್ಮೆ, ಇವ ಇಲ್ಲಿ ಕತ್ತಿ ಹಿಡಿದಾನ್ರಿ. ಅದೂ ಬದುವಿನ ಜಗಳದಾಗ ಇವ ಕೈ ಮುರದದ್ದು ನನ್ನ ತಮ್ಮಂದ! ಒಂದು ಗೀರು ಬಿದ್ದಿಲ್ಲ ನೋಡ್ರಿ. ಇದಕ್ಕಿಂತಾ ಚಲೋ ನಡತಿ ಸರ್ಟಿಫಿಕೇಟ ನಿಮ್ಮ ಕಚೇರಿಯಾಗ ಎಲ್ಲಿ ಸಿಗತೈತ್ರಿ?"