ಗಿಣ್ಣವೂ ಅಲ್ಲ, ಶ್ರೀಖಂಡವೂ ಅಲ್ಲ

ಅಜ್ಜಿಯಾದವಳ ಬಾಯಿ ಹಬ್ಬದ ದಿನದ ತಲೆಬಾಗಿಲಿದ್ದ ಹಾಗೆ, ಮುಚ್ಚುವುದೇ ಇಲ್ಲ. ನೀರಿಗೆ ಹೋದಲ್ಲಿ, ಬಸ್ಸು ಕಾಯುವಲ್ಲಿ, ಹತ್ತಿ ಬಿಡಿಸುವ ಹೊಲದಲ್ಲಿ, ಯಾರೇ ಸಿಗಲಿ, ನಾನು ಮೊಮ್ಮಗಳಿಂದ ಸುರು ಮಾಡಿ ಚೀಸ್ ಕೇಕಿಗೆ ಬಂದು ಮುಟ್ಟುತ್ತೇನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬರೆಯುವಾಗಲೂ ಮಾತಾಡಿದ ಹಾಗೆಯೇ ಅಡ್ಡದಾರಿ ಹಿಡಿಯುತ್ತೇನೆ. ನೀವೇ ಸ್ವಲ್ಪ ಕೈಹಿಡಿದು ದಾರಿಗೆ ತರಬೇಕು.

ಮಗಳು ಸರೋಜಾ ಚೊಚ್ಚಲ ಹೆರಿಗೆಗೆಂದು ಪುಣೆಯಿಂದ ನಮ್ಮ ಹಳ್ಳಿಗೆ ಬಂದಳು. ಬಂದವಳು ಏನನ್ನೂ ತಿನ್ನಲೊಲ್ಲಳು. ಬಿಸಿ ರೊಟ್ಟಿ ಒಲ್ಲೆ, ಎಣ್ಣೆಗಾಯಿ ಒಲ್ಲೆ, ಹೋಳಿಗೆ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಹೆರುವವಳಿಗೆ ತ್ರಾಣ ಎಲ್ಲಿಂದ ಬರಬೇಕು ಎಂಬ ಚಿಂತೆಯಲ್ಲಿ ನಾನೂ ಸೊರಗಬೇಕಾಗಿತ್ತು. ಆದರೆ ಅವಳು ಬಿಟ್ಟದ್ದು ಕೆಡಬಾರದೆಂದು ನಾನೇ ತಿಂದು ತಿಂದು, ನೋಡಿದವರಿಗೆ ಬಸುರಿ ಯಾರೆಂದು ಅನುಮಾನ ಬರುವಂತಾಗಿದ್ದೆ.

ಒಂದು ದಿನ ಅವಳ ಮುಂದೆ ಕೂತು ಕೇಳಿಯೇಬಿಟ್ಟೆ. “ಏನ ಬೇಕನಸ್ತೈತಿ, ಬಾಯಿ ಬಿಟ್ಟು ಹೇಳವಾ. ಬಯಕಿ ತೀರಲಿಲ್ಲಂದ್ರ ಹುಟ್ಟೂ ಕೂಸಿನ ಕಿವಿ ಸೋರತಾವ.”

“ನೀ ನಗತೀ.”

“ನಗೂದಿಲ್ಲ, ಹೇಳು.”

“ಚೀಸ್ ಕೇಕ್. ಪುಣೆದಾಗ ಒಮ್ಮೆ ನಿನ್ನ ಅಳ್ಯಾ ಬೇಕರಿಗೆ ಕರಕೊಂಡು ಹೋಗಿ ತಿನಿಸಿದ್ರು.”

ನಾನು ನಗಲಿಲ್ಲ, ಹೆದರಿದೆ. ಹುಣಸೆಕಾಯಿ ಬೇಡಿದ ಬಸುರಿಯರನ್ನು ಕಂಡಿದ್ದೇನೆ, ಒಲೆಯ ಮಣ್ಣು ಬೇಡಿದವರನ್ನೂ ಕಂಡಿದ್ದೇನೆ. ಇದೇ ಸರೋಜಾ ಹೊಟ್ಟೆಯಲ್ಲಿದ್ದಾಗ ನಾನು ಹಸಿ ಕಡಲೆ ಬೇಡಿದೆನೆಂದು ನಮ್ಮ ಯಜಮಾನರು ಬಾಜೂ ಹೊಲಕ್ಕೆ ಇಳಿದು, ಗಿಡದ ಜೊತೆಗೆ ಹೊಲದವನ ಬೈಗುಳವನ್ನೂ ಉಡಿಯಲ್ಲಿ ತುಂಬಿಕೊಂಡು ಬಂದಿದ್ದರು. ಆದರೆ ಈ ಚೀಸ್ ಕೇಕು ಯಾರ ಹೊಲದಲ್ಲಿ ಬೆಳೆಯುತ್ತದೆ?

“ಹೆಂಗಿರತೈತಿ ಅದು?” ಎಂದೆ.

“ತಳಕ್ಕ ಬಿಸ್ಕೀಟಿನ ಪುಡಿ. ನಡುವ ಬೆಳ್ಳಗ, ಮೆತ್ತಗ, ಒಂಚೂರು ಹುಳಿ. ಗಿಣ್ಣದಂಗೂ ಅಲ್ಲ, ಶ್ರೀಖಂಡದಂಗೂ ಅಲ್ಲ. ಮ್ಯಾಲ ಕೆಂಪನ್ನ ಹಣ್ಣು. ಅದನ್ನ ಸುಟ್ಟು, ಆರಿಸಿ ಕೊಡ್ತಾರ.” ಆಮೇಲೆ ದನಿ ಇಳಿಸಿ, “ಗಟ್ಟಿ ಆಗಾಕ ತತ್ತಿ ಹಾಕಿರ್ತಾರ” ಎಂದಳು.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ತತ್ತಿ ಇರಲಿ, ಅದರ ಹೆಸರೂ ಒಲೆಯ ಹತ್ತಿರ ಸುಳಿದದ್ದಿಲ್ಲ. ನಾನು ಆ ಮಾತು ಕೇಳಿಸದವಳಂತೆ ಸೆರಗು ಕೊಡವಿ ಎದ್ದೆ. ಆದರೆ ಅವಳು ಹೇಳಿದ ಉಳಿದ ಮಾತು ಮಾತ್ರ ಕಿವಿಯಲ್ಲೇ ಕೂತಿತು. ಎರಡೂ ಅಲ್ಲ ಎಂದರೆ ಎರಡರ ನಡುವಿನದು ಎಂದಾಯಿತು. ನಡುವಿನದು ಬೇಕಾದರೆ ಎರಡನ್ನೂ ಕೂಡಿಸಿದರಾಯಿತು!

ದೇವರೂ ನನ್ನ ಕಡೆ ಇದ್ದ. ಶ್ರೀಖಂಡಕ್ಕೆಂದು ಅರಿವೆಯಲ್ಲಿ ಕಟ್ಟಿದ್ದ ಮೊಸರು ನೀರೆಲ್ಲ ಬಸಿದು ಗೂಟದಲ್ಲಿ ಗಟ್ಟಿ ಚಕ್ಕಾ ಆಗಿ ತೂಗಾಡುತ್ತಿತ್ತು. ಬಾಜೂ ಮನೆಯ ಫಾತಿಮಾಬಿಯ ಎಮ್ಮೆ ಅವತ್ತೇ ಈದು, ಅವಳು ಗಿಣ್ಣದ ಹಾಲು ತಂಬಿಗೆಯಲ್ಲಿ ತಂದುಕೊಟ್ಟಿದ್ದಳು. ಈದ ಎಮ್ಮೆಯ ಮೊದಲ ಹಾಲು ಬಿಸಿ ತಾಗಿದರೆ ತಾನೇ ಗಟ್ಟಿಯಾಗುತ್ತದೆ. ಅದಿದ್ದ ಮೇಲೆ ತತ್ತಿ ಯಾಕೆ? ಕೆಂಪು ಹಣ್ಣಿಗೆ ಏನು ಮಾಡುವುದೆನ್ನುವಷ್ಟರಲ್ಲಿ ದುಮ್ಮವಾಡದ ನನ್ನ ತಮ್ಮ ಬಸಪ್ಪ ಸೋದರಸೊಸೆಯನ್ನು ನೋಡಲು ಒಂದು ಬುಟ್ಟಿ ಅಡವಿಯ ಕವಳಿಹಣ್ಣು ಹಿಡಿದು ಬಸ್ಸಿನಿಂದ ಇಳಿದ.

ನಾನು ಚಕ್ಕಾದೊಳಗೆ ಸಕ್ಕರೆ ಹಾಕಿ, ಗಿಣ್ಣದ ಹಾಲು ಸುರಿಯುವುದನ್ನು ಕಂಡು ಫಾತಿಮಾಬಿ ಬಾಗಿಲಲ್ಲೇ ಎದೆ ಮೇಲೆ ಕೈಯಿಟ್ಟಳು. “ಯಕ್ಕಾ, ಹುಚ್ಚ ಹಿಡದೈತೇನಬೇ ನಿನಗ? ನನ್ನ ಎಮ್ಮಿ ಮರ್ಯಾದಿ ಕಳೀಬ್ಯಾಡ!”

“ನಿನ್ನ ಎಮ್ಮಿ ಹೆಸರು ಪುಣೆತನಕ ಹೊಕ್ಕೈತಿ, ಸುಮ್ಮನ ನೋಡು” ಎಂದೆ. ಹಾಲು ಸುರಿಯುವ ಕೈಯನ್ನು ಮಾತ್ರ ನಿಧಾನ ಮಾಡಿದೆ. ಗಿಣ್ಣದ ಹಾಲು ಕೇಳಿದಾಗ ಸಿಗುವುದಲ್ಲ. ಕೆಟ್ಟರೆ ಅದರ ಜೊತೆಗೆ ಮಗಳ ಆಸೆಯೂ ಕೆಟ್ಟ ಹಾಗೆ.

ಬಿಸ್ಕೀಟು ಕುಟ್ಟಿ, ಬೆಣ್ಣೆ ಕಲಸಿ, ಅಗಲ ಡಬ್ಬಿಯ ತಳಕ್ಕೆ ಒತ್ತಿ, ಮೇಲೆ ಬಿಳಿಯದನ್ನು ಸುರಿದೆ. ದೊಡ್ಡ ಪಾತ್ರೆಗೆ ಮರಳು ತುಂಬಿ, ಡಬ್ಬಿಯನ್ನು ಅದರ ನಡುವೆ ಕೂರಿಸಿ ಒಲೆಗೇರಿಸಿದೆ. ಮೇಲೆ ತಾಟು ಮುಚ್ಚಿ, ತಾಟಿನ ಮೇಲೆ ಕೆಂಡ ಹರವಿದೆ. ರುಚಿ ನೋಡಲಿಲ್ಲ. ಬಯಕೆಯ ಅಡಿಗೆಗೆ ಬಸುರಿಗಿಂತ ಮೊದಲು ಬೇರೆಯವರ ನಾಲಿಗೆ ತಾಗಬಾರದು. ನನ್ನ ನಾಲಿಗೆಗೆ ಅವತ್ತೊಂದು ದಿನ ಮೂಗುದಾರ ಹಾಕಿದ್ದೆ.

ತಾಟು ತೆಗೆದಾಗ ನಮ್ಮ ಯಜಮಾನರು ಬಗ್ಗಿ ನೋಡಿದರು. ಅಡಿಗೆಮನೆಗೆ ಅವರು ಬರುವುದು ಟೀಕೆ ಮಾಡಲಿಕ್ಕೆ ಮಾತ್ರ. “ಏನಿದು, ನಮ್ಮ ಹೊಲಾನ ಬೇಯಿಸಿಬಿಟ್ಟಿ?” ಎಂದರು. ಹೌದು, ಬೇಸಿಗೆಯ ಎರೆಹೊಲದ ಹಾಗೆ ಈ ತುದಿಯಿಂದ ಆ ತುದಿಗೆ ಬಿರುಕು ಬಿಟ್ಟಿತ್ತು.

“ಬಿತ್ತಿದ ಮ್ಯಾಲ ನೋಡ್ರಿ” ಎಂದು, ಅದು ಆರುವ ತನಕ ತಾಳಿ, ಬೀಜ ತೆಗೆದು ಬೆಲ್ಲದಲ್ಲಿ ಕುದಿಸಿದ ಕವಳಿಹಣ್ಣನ್ನು ಬಿರುಕು ಬಿರುಕಿಗೂ ತುಂಬಿ, ಮೇಲೆಲ್ಲ ಹರವಿಬಿಟ್ಟೆ. ಕೆಂಪಗೆ ಮಿರಮಿರ ಮಿಂಚಿತು. ಯಜಮಾನರು ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅದನ್ನೇ ಹೊಗಳಿಕೆ ಎಂದು ತಿಳಿದುಕೊಳ್ಳಬೇಕು.

ಸರೋಜಾ ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಫಾತಿಮಾಬಿ ಅಲ್ಲಾನನ್ನೂ ನಾನು ಬಸವಣ್ಣನನ್ನೂ ಒಟ್ಟಿಗೇ ಕರೆದೆವು.

“ಅವ್ವಾ,” ಎಂದಳು, “ಇದು ಅದಲ್ಲ.”

ನಾನು ಡಬ್ಬಿ ಎತ್ತಿಕೊಂಡು ಒಳಗೆ ಹೊರಟೆ.

“ಆದ್ರ ಇನ್ನಷ್ಟು ಹಾಕು.”

ಹಾಕಿದೆ. ಮತ್ತೆ ಹಾಕಿದೆ. ತಿಂಗಳಿಂದ ತುತ್ತು ನುಂಗದವಳು ಕೈ ನೆಕ್ಕಿ, ಗೋಡೆಗೊರಗಿ, ಎಂಥಾ ತೇಗು ತೇಗಿದಳೆಂದರೆ, ನನಗೆ ಅದು ಮಂಗಳಾರತಿಯ ಗಂಟೆ ಹೊಡೆದ ಹಾಗೆ ಕೇಳಿಸಿತು. ಸಂಜೆಗೆ ತಾನೇ ರೊಟ್ಟಿಯನ್ನೂ ಬೇಡಿದಳು. ಮುಂದೆ ಬಂಗಾರದಂಥ ಹೆಣ್ಣು ಕೂಸು ಹಡೆದಳು. ಅದರ ಕಿವಿ ಸೋರುವುದಂತೂ ದೂರ, ನಾನು ಒಳಗೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೆ ಹಿತ್ತಲಲ್ಲಿದ್ದ ಅದಕ್ಕೆ ಕೇಳಿಸುತ್ತದೆ.

ಅವತ್ತು ಉಳಿದ ಕೇಕು ಏನಾಯಿತೆಂದರೆ, ಹಾಲು ಬಂದ ತಂಬಿಗೆಯನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಅದರ ತುಂಬ ಹಾಕಿ ಫಾತಿಮಾಬಿಗೆ ಕೊಟ್ಟೆ. ಹಣ್ಣು ತಂದ ತಮ್ಮನಿಗೆ ಬಡಿಸದಿದ್ದರೆ ಹೇಗೆ, ಅವನಿಗೂ ಹಾಕಿದೆ. ಎಲ್ಲರಿಗೂ ಕೊಟ್ಟು, ಇನ್ನು ನನ್ನ ಪಾಲು ಎಂದು ಒಳಗೆ ಬರುತ್ತೇನೆ, ಕತ್ತಲ ಮೂಲೆಯಲ್ಲಿ ಕರಕರ ಸಪ್ಪಳ. ಇಲಿ ಇರಬೇಕೆಂದು ಕಟ್ಟಿಗೆ ಎತ್ತಿಕೊಂಡೆ. ನಮ್ಮ ಯಜಮಾನರು! ಡಬ್ಬಿಯ ತಳ ಕೆರೆಯುತ್ತಿದ್ದರು.

“ಹೊಲಾ ಭಾಳ ಚಲೋ ಬೆಳದಿತ್ತು ನೋಡು” ಎಂದರು.

ಆಮೇಲೆ ಎಮ್ಮೆ ಈದಾಗ ಕವಳಿ ಇರುವುದಿಲ್ಲ, ಕವಳಿ ಬಂದಾಗ ಎಮ್ಮೆ ಈಯುವುದಿಲ್ಲ. ಆದರೂ ದೂರದ ಮೊರಬದಿಂದಲೂ ಹೆಂಗಸರು ಬಂದು ಮಾಡುವ ಬಗೆ ಕೇಳುತ್ತಾರೆ, ನಾನು ದೊಡ್ಡ ಬೇಕರಿಯವಳ ಹಾಗೆ ಹೇಳುತ್ತೇನೆ. ಮೊನ್ನೆ ಮೊಮ್ಮಗಳು ತೊಡೆಯೇರಿ, “ಆಯೀ, ಆ ಕೇಕ್ ತಿಂದ್ರ ಹೆಂಗ ಅನಸ್ತೈತಿ?” ಎಂದು ಕೇಳಿತು.

ನಾನು ಕಣ್ಣು ಮುಚ್ಚಿ, ತುಟಿ ಸವರಿಕೊಂಡು ಹೇಳಿದೆ: “ಅದನ್ನೇನ ಕೇಳ್ತಿ ನನ್ನವ್ವಾ! ಗಿಣ್ಣದಂಗೂ ಅಲ್ಲ, ಶ್ರೀಖಂಡದಂಗೂ ಅಲ್ಲ.”