ಗಾದೆಪ್ಪ ಕಾಶಿಯಲ್ಲಿ ಬಿಟ್ಟು ಬಂದದ್ದು

ಕಾಶಿಗೆ ಹೋದವರು ಯಾವುದಾದರೊಂದು ತಿನಿಸನ್ನು ಅಲ್ಲಿ ಬಿಟ್ಟು ಬರಬೇಕು; ಆಮೇಲೆ ಜನ್ಮದಲ್ಲಿ ಅದನ್ನು ಮುಟ್ಟಬಾರದು. ಚಿಗಟೇರಿಯ ಗಾದೆಪ್ಪ ದೈವಭಕ್ತ, ಆದರೆ ಜಾಣ. ಕಂಡರಾಗದ ಹಾಗಲಕಾಯಿಯನ್ನೇ ಗಂಗೆಯಲ್ಲಿ ಮುಳುಗಿ ತ್ಯಾಗ ಮಾಡಿದ. ನಕ್ಕಾಳೆಂದು ಹೆಂಡತಿ ಸುಂಕಮ್ಮನಿಗೂ ಹೇಳಲಿಲ್ಲ. ತಪ್ಪಾದದ್ದು ಬೇರೆ ಕಡೆ. ಹೊರಡುವಾಗ ಓಣಿಯವರೆಲ್ಲ "ನಮ್ಮ ಹೆಸರಿನಾಗೂ ಒಂದೊಂದು ಬಿಟ್ಟು ಬಾರೋ" ಅಂದಿದ್ದರು. ಪಾಪ, ದಾಕ್ಷಿಣ್ಯದ ಪ್ರಾಣಿ, ಅವನ್ನೂ ಬಿಟ್ಟು ಬಂದಿದ್ದ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಚಹಾದ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಪಕ್ಕದ ಮನೆಯ ಅಂಜಿನಕ್ಕ ಬಂದು ಕಸಿದುಕೊಂಡಳು.

"ಚಾ ಬಿಟ್ಟು ಬಂದಿಲ್ಲೇನೋ?"

"ಅದು ನಿನ್ನ ಹೆಸರಿನಾಗ ಬಿಟ್ಟಿದ್ದು ಅಕ್ಕಾ!"

"ಗಂಗ್ಯಾಗ ಮುಳುಗಿದ್ದು ಯಾರು? ಬಿಟ್ಟೆ ಅಂದ ಬಾಯಿ ಯಾರ್ದು? ಪುಣ್ಯ ಅಷ್ಟ ನಂದು. ನೀ ಕುಡುದ್ರ ಅದೂ ನೀರುಪಾಲಾಗ್ತೈತಿ." ಹೀಗೆಂದು ಆ ಚಹಾ ತಾನೇ ಕುಡಿದಳು.

ಗಾದೆಪ್ಪ ಸಿಟ್ಟಿನಿಂದ ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿಗೆ ಹೋದ. ಅಲ್ಲಿ ಕೂತಿದ್ದ ಕಿರಾಣಿ ಅಂಗಡಿಯ ಗುರುಬಸವರಾಜ ಅವನ ಕೈ ಹಿಡಿದ.

"ಮೆಣಸಿನಕಾಯಿ ನನ್ನ ಹೆಸರಿನಾಗ ಬಿಟ್ಟೀಯಲ್ಲೋ! ಡಾಕ್ಟರು ಖಾರ ಮುಟ್ಟಬ್ಯಾಡ ಅಂದಾರ."

"ಅಂದಿದ್ದು ನಿಮಗ, ನನಗಲ್ರೀ ಸಾವ್ಕಾರ್ರ!"

"ಅದಕ್ಕ ಅದನ್ನ ತ್ಯಾಗ ಅಂತಾರ. ಇನ್ನೊಬ್ಬರ ಸಲುವಾಗಿ ಬಿಡಬೇಕು. ತನ್ನ ಸಲುವಾಗಿ ಬಿಟ್ರ ಅದು ಪಥ್ಯ."

ಅಂಗಡಿಯಲ್ಲಿದ್ದವರೆಲ್ಲ ಪ್ರವಚನ ಕೇಳಿದವರಂತೆ ತಲೆದೂಗಿದರು. ಸಾವ್ಕಾರ ಮಿರ್ಚಿ ತಟ್ಟೆಯನ್ನು ತನ್ನ ಮುಂದೆ ಎಳೆದುಕೊಂಡ.

ಆಮೇಲೆ ಮಂಡಕ್ಕಿಗೆ ಒಬ್ಬರು, ಬಾಳೆಹಣ್ಣಿಗೆ ಒಬ್ಬರು, ಮಜ್ಜಿಗೆಗೆ ಇಬ್ಬರು ಅಡ್ಡ ಬಂದರು. ಸಂಜೆ ಗಾದೆಪ್ಪ ಹೊಟ್ಟೆ ಹಿಡಿದುಕೊಂಡು ಮನೆ ಸೇರಿದ.

"ಸುಂಕೀ, ಯಾರೂ ಬಿಡಿಸದ ಪಲ್ಯ ಏನಾರ ಐತೇನಲೇ? ಬದನಿಕಾಯಿ?"

"ಅದನ್ನ ನಮ್ಮವ್ವನ ಹೆಸರಿನಾಗ ಬಿಟ್ಟೀರಿ. ಕುಂದರ್ರಿ, ಮನಿಮನಿಗೂ ಹೋಗಿ ಕೇಳಿ ಬಂದೀನಿ. ಯಾರೂ ಬಿಡಿಸದೇ ಇರೋದು ಒಂದ ಉಳದೈತಿ. ಖಾರ ಇಲ್ದಂಗ, ಬೆಲ್ಲ ಹಾಕಿ ಮಾಡೀನಿ. ನಿಮಗ ಸೇರಂಗಿಲ್ಲ, ಆದ್ರ ಇವತ್ತು ತಿನ್ರಿ."

ಬಿಸಿ ರೊಟ್ಟಿಯ ಪಕ್ಕದಲ್ಲಿ ಹಾಗಲಕಾಯಿ ಪಲ್ಯ ಘಮಘಮಿಸುತ್ತಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಹಾಗಲಕಾಯಿಗೆ ಗಾದೆಪ್ಪನ ಬಾಯಲ್ಲಿ ನೀರೂರಿತು. ತುತ್ತು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಊರಿಗೆಲ್ಲ ಕೇಳಿದಿ," ಎಂದ ಅಳುದನಿಯಲ್ಲಿ, "ನನ್ನ ಕೇಳಿದ್ಯೇನಲೇ?"