ಹೊಸ ಮೋಟಾರ್ ಸೈಕಲ್ಲಿಗೆ ಆಗಿರುವ ಮೊದಲ ಸರ್ವಿಸ್ಸನ್ನು ಆಗಿಲ್ಲವೆಂದು ಪರಿಗಣಿಸುವ ಬಗ್ಗೆ

ಸುತ್ತೋಲೆ

ಸಂಖ್ಯೆ: ಟಪಾಲು/ಮೋ.ಸೈ./ಮೊ.ಸ./1/ತಿದ್ದುಪಡಿ-4
ದಿನಾಂಕ: ಸಹಿಯಾದ ದಿನ

ವಿಷಯ: ಕಚೇರಿಯ ಹೊಸ ಮೋಟಾರ್ ಸೈಕಲ್ಲಿನ ಮೊದಲ ಸರ್ವಿಸ್ಸನ್ನು ಹೊರಗೆ ಕೊಟ್ಟು ಮಾಡಿಸುವುದೋ ಅಥವಾ ಒಳಗೇ ಮಾಡಿಕೊಳ್ಳುವುದೋ ಎಂಬ ಬಗ್ಗೆ ತೀರ್ಮಾನವಾಗುವ ಮೊದಲೇ ಸರ್ವಿಸ್ ಆಗಿಹೋಗಿರುವ ಕುರಿತು.

ಉಲ್ಲೇಖ:
1. ಗಾಡಿಯ ಜೊತೆ ಬಂದ ಕೈಪಿಡಿ, ಪುಟ 14.
2. ಪಂಪ್ ಆಪರೇಟರ್‌ರವರು ಮೆಟ್ಟಿಲ ಬಳಿ ನೀಡಿದ ಮೌಖಿಕ ಆಶ್ವಾಸನೆ.
3. ಟಪಾಲು ಬಟವಾಡೆಗಾರರ ಬಲ ಮಂಡಿಯ ವೈದ್ಯಕೀಯ ಪ್ರಮಾಣಪತ್ರ.
4. ಮೇಲಿನ ಕಚೇರಿಯ ಷರಾ: "ಚರ್ಚಿಸಿ."

ಪ್ರಸ್ತಾವನೆ

ಈ ಕಚೇರಿಯ ಟಪಾಲು ಬಟವಾಡೆಗಾರರು ಇಪ್ಪತ್ತಮೂರು ವರ್ಷ ಸೈಕಲ್ ತುಳಿದು ಒಂಬತ್ತು ಶಾಖೆಗಳಿಗೆ ಕಾಗದಪತ್ರ ಮುಟ್ಟಿಸಿರುತ್ತಾರೆ. ತತ್ಪರಿಣಾಮವಾಗಿ ಸದರಿಯವರ ಬಲ ಮಂಡಿಯು ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತಿದ್ದು, ಆ ಸದ್ದಿನಿಂದ ಅಧೀಕ್ಷಕರ ಏಕಾಗ್ರತೆಗೆ ಭಂಗ ಬರುತ್ತಿದೆಯೆಂಬ ಕಾರಣದ ಮೇಲೆ ಒಂದು ಮೋಟಾರ್ ಸೈಕಲ್ ಮಂಜೂರಾಗಿರುತ್ತದೆ. ಗಾಡಿ ಬಂದ ದಿನ ಸದರಿಯವರು ಅದರ ಸುತ್ತ ಎರಡು ಬಾರಿ ನಡೆದು, ಹೆಗಲ ಮೇಲಿನ ಟವೆಲ್ಲಿನಿಂದ ಟ್ಯಾಂಕ್ ಒರೆಸಿದರು. ಆ ಟವೆಲ್ಲಿನಿಂದ ಮತ್ತೆ ಮುಖ ಒರೆಸಿಕೊಳ್ಳಲಿಲ್ಲ. ಅವರಿಗೆ ಅಂದು ಬಹಳ ಸಂತೋಷವಾಗಿತ್ತು. ಸಂತೋಷವನ್ನು ದಾಖಲಿಸಲು ಪ್ರತ್ಯೇಕ ನಮೂನೆ ಇಲ್ಲದ ಕಾರಣ ಇಲ್ಲಿಯೇ ದಾಖಲಿಸಲಾಗಿದೆ.

ಹನ್ನೆರಡು ದಿನಗಳಲ್ಲಿ ಗಾಡಿ ನಾನೂರ ಹತ್ತು ಕಿಲೋಮೀಟರ್ ಓಡಿತು. ಹದಿಮೂರನೆಯ ದಿನ ಸದರಿಯವರು ಕೈಪಿಡಿಯನ್ನು ಓದಿದ್ದೇ ಮುಂದಿನ ಎಲ್ಲ ರಾದ್ಧಾಂತಕ್ಕೆ ಮೂಲವೆಂದು ಕಂಡುಬಂದಿದೆ. ಈ ಕಚೇರಿಯಲ್ಲಿ ಯಾವುದೇ ಯಂತ್ರದ ಕೈಪಿಡಿಯನ್ನು ಅದಕ್ಕೂ ಮೊದಲು ಯಾರೂ ಓದಿರಲಿಲ್ಲ. ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಸಣ್ಣ ಲೋಹದ ಪುಡಿ ಆಯಿಲ್ಲಿಗೆ ಬೀಳುತ್ತದೆಂದೂ, ಸಾವಿರ ಕಿಲೋಮೀಟರ್ ದಾಟುವ ಮೊದಲು ಆಯಿಲ್ ಬದಲಿಸಿ, ಚೈನು ಬಿಗಿ ಮಾಡಿಸಿ, ಪುಸ್ತಕದಲ್ಲಿ ಸರ್ವಿಸ್ ಸೆಂಟರಿನ ಮೊಹರು ಹಾಕಿಸಬೇಕೆಂದೂ, ತಪ್ಪಿದಲ್ಲಿ ಕಂಪನಿಯು ಗಾಡಿಯ ವಿಷಯದಲ್ಲಿ ಕೈ ತೊಳೆದುಕೊಳ್ಳುವುದೆಂದೂ ಅದರಲ್ಲಿ ಬರೆದಿದೆ. ಗಾಡಿ ಕೆಟ್ಟರೆ ಇನ್ನೊಂದು ಸಿಗುವುದಿಲ್ಲವೆಂದು ಅಧೀಕ್ಷಕರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಸದರಿಯವರ ಸೇವೆ ಇನ್ನೂ ಆರು ವರ್ಷ ಬಾಕಿಯಿದೆ. ಆರು ವರ್ಷ ಗಾಡಿಯ ಮೇಲೋ ಸೈಕಲ್ಲಿನ ಮೇಲೋ ಎಂಬುದು ಇದರಿಂದ ತೀರ್ಮಾನವಾಗಬೇಕಿತ್ತು. ಅವರು ಕೈಪಿಡಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು, ಹೊರಗೆ ಕೊಟ್ಟು ಸರಿಯಾಗಿ ಮಾಡಿಸೋಣವೆಂದು ಈ ಕರಡಿನ ಬರಹಗಾರ್ತಿಯಾದ ಹಿರಿಯ ಗುಮಾಸ್ತೆಯವರಲ್ಲಿ ವಿನಂತಿಸಿದರು. ಹಿರಿಯ ಗುಮಾಸ್ತೆಯವರು ಕಡತ ತೆರೆದರು. ತೆರೆಯಬಾರದಿತ್ತೆಂದು ಅವರಿಗೆ ನಂತರ ಅನ್ನಿಸಿರುತ್ತದೆ.

ಅಷ್ಟರಲ್ಲಿ ಕಚೇರಿಯ ನೀರಿನ ಪಂಪ್ ಆಪರೇಟರ್‌ರವರು ತಾವಾಗಿಯೇ ಮುಂದೆ ಬಂದು, ಇದಕ್ಕೆಲ್ಲ ಹೊರಗಿನವರು ಯಾಕೆ, ಒಂದು ಸ್ಪ್ಯಾನರ್ ಇದ್ದರೆ ತನಗಿದು ನೀರು ಕುಡಿದಷ್ಟು ಸುಲಭವೆಂದು ಅಧೀಕ್ಷಕರಿಗೆ ಭರವಸೆ ಕೊಟ್ಟರು. ಅವರು ಹಿಂದೆ ಅಧೀಕ್ಷಕರ ಟೇಬಲ್ ಫ್ಯಾನ್ ಬಿಚ್ಚಿ ಜೋಡಿಸಿದಾಗ ಮೂರು ಸ್ಕ್ರೂ ಉಳಿದಿದ್ದು, ಫ್ಯಾನು ಇಂದಿಗೂ ತಿರುಗುತ್ತಿದೆ. ಆ ಮೂರು ಸ್ಕ್ರೂಗಳು ಮೂಲತಃ ಅನಗತ್ಯವಾಗಿದ್ದವೆಂದು ಅಧೀಕ್ಷಕರು ಅಭಿಪ್ರಾಯಪಟ್ಟಿರುತ್ತಾರೆ. ಮೋಟಾರ್ ಸೈಕಲ್ಲಿನಿಂದ ಯಾವ ಮೂರು ಉಳಿದಾವೆಂದು ಯೋಚಿಸುತ್ತ ಟಪಾಲು ಬಟವಾಡೆಗಾರರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಅವರ ಪತ್ನಿಯವರು ದೂರವಾಣಿಯಲ್ಲಿ ತಿಳಿಸಿರುತ್ತಾರೆ.

ಒಳಗೋ ಹೊರಗೋ ಎಂಬ ತೀರ್ಮಾನ ಮೇಲಿನ ಕಚೇರಿಯದು. ಮೇಲಿನ ಕಚೇರಿ ಮೂವತ್ತೊಂದು ಕಿಲೋಮೀಟರ್ ದೂರದಲ್ಲಿದೆ. ಯಾವ ವಸ್ತುವಿನ ಬಗ್ಗೆ ಕಡತವೋ ಆ ವಸ್ತುವನ್ನು ಕಡತದ ಜೊತೆಗೇ ಹಾಜರುಪಡಿಸಬೇಕೆಂಬುದು ಈ ಇಲಾಖೆಯ ಹಳೆಯ ಪದ್ಧತಿ. ಒಮ್ಮೆ ಕುರ್ಚಿಯೊಂದರ ಕಡತ ಬಂದು ಕುರ್ಚಿ ಬಾರದೆ ಅಧಿಕಾರಿಗಳು ಇಡೀ ಸಭೆ ನಿಂತೇ ಇದ್ದಂದಿನಿಂದ ಇದನ್ನು ಕಟ್ಟುನಿಟ್ಟಾಗಿ ಪಾಲಿಸಲಾಗುತ್ತಿದೆ. ಆದ್ದರಿಂದ ಕಿಲೋಮೀಟರ್ ಉಳಿಸುವ ಸಲುವಾಗಿ ಶಾಖೆಗಳ ಟಪಾಲನ್ನು ಸೈಕಲ್ಲಿಗೆ ವರ್ಗಾಯಿಸಿ, ಕಡತವನ್ನು ಮಾತ್ರ ಮೋಟಾರ್ ಸೈಕಲ್ಲಿನಲ್ಲಿ ಕಳುಹಿಸಲಾಯಿತು.

ಮೊದಲ ಸಲ ಪುಟಸಂಖ್ಯೆ ಇಲ್ಲವೆಂದು ಕಡತ ವಾಪಸಾಯಿತು. ಎರಡನೆಯ ಸಲ, ಕೈಪಿಡಿಯ ಮುಖಪುಟದಲ್ಲಿ ಗಾಡಿ ಕೆಂಪಗಿದ್ದು ಹಾಜರಾದ ಗಾಡಿ ಕಪ್ಪಗಿರುವ ಬಗ್ಗೆ ವಿವರಣೆ ಕೇಳಲಾಯಿತು. ಮೊದಲ ಸರ್ವಿಸ್ಸಿಗೆ ಕೂಲಿ ಇಲ್ಲವೆಂದು ಸರ್ವಿಸ್ ಸೆಂಟರ್ ತಿಳಿಸಿದ್ದರಿಂದ, ಅದಕ್ಕಿಂತ ಕಡಿಮೆ ದರ ನಮೂದಿಸುವ ಇನ್ನಿಬ್ಬರನ್ನು ಹುಡುಕಿ ತುಲನಾತ್ಮಕ ಪಟ್ಟಿ ಸಲ್ಲಿಸಲು ಐದನೆಯ ಸಲ ಸೂಚಿಸಲಾಯಿತು. ಹೋಗಿ ಬರಲು ಅರವತ್ತೆರಡು ಕಿಲೋಮೀಟರಿನಂತೆ ಒಂಬತ್ತು ಸಲ ಕಡತ ಓಡಾಡಿದಾಗ ಮೀಟರು ಒಂಬೈನೂರ ಅರವತ್ತೆಂಟು ತೋರಿಸಿತು. ಹತ್ತನೆಯ ಸಲ ಸದರಿಯವರು ಮೇಲಿನ ಕಚೇರಿಯ ಗೇಟಿನಲ್ಲಿ ಗಾಡಿ ನಿಲ್ಲಿಸಿದಾಗ ಅದು ಒಂಬೈನೂರ ತೊಂಬತ್ತೊಂಬತ್ತರಲ್ಲಿತ್ತು.

ಅಂದು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ ಸದರಿಯವರು ಗೇಟಿನ ಕಟ್ಟೆಯ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಒಳಗಿನಿಂದ "ಚರ್ಚಿಸಿ" ಎಂಬ ಒಂದೇ ಪದ ಬರೆಸಿಕೊಂಡು ಕಡತ ಹೊರಬಂತು. ಗೇಟಿನ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ, ಅದೇ ಕಂಪನಿಯ ಸರ್ವಿಸ್ ಸೆಂಟರ್ ಇದೆಯೆಂಬ ಅಂಶವನ್ನು ಒಂಬತ್ತೂ ಸಲದ ಟಿಪ್ಪಣಿಗಳಲ್ಲಿ ಯಾರೂ ಪ್ರಸ್ತಾಪಿಸಿಲ್ಲ. ಅಲ್ಲಿನ ನಡುವಯಸ್ಸಿನ ಮೆಕ್ಯಾನಿಕ್‌ರವರು ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದು ಹೀಗೆ ಹೇಳಿದರೆಂದು ಗೇಟಿನ ಕಾವಲುಗಾರರು ಲಿಖಿತ ಹೇಳಿಕೆ ಕೊಟ್ಟಿರುತ್ತಾರೆ: "ಅಣ್ಣಾ, ಹತ್ತು ಸಲದಿಂದ ನೋಡ್ತಿದೀನಿ. ಬರ್ತಾ ಬರ್ತಾ ಗಾಡಿ ಸದ್ದೇ ಬೇರೆ ಆಗಿದೆ. ಈ ಕಡೆ ತಳ್ಕೊಂಡು ಬನ್ನಿ."

ಸದರಿಯವರು ಕಡತವನ್ನೂ ಗಾಡಿಯನ್ನೂ ನೋಡಿದರು. ಬಳಿಕ ಎಂಜಿನ್ ಚಾಲೂ ಮಾಡದೆ ಗಾಡಿಯನ್ನು ರಸ್ತೆಯ ಆಚೆಗೆ ತಳ್ಳಿಕೊಂಡು ಹೋದರು. ಎರಡು ಗಂಟೆಯಲ್ಲಿ ಎಲ್ಲ ಕೆಲಸ ಮುಗಿದು, ಪುಸ್ತಕದಲ್ಲಿ ಮೊಹರು ಬಿತ್ತು. ಆಯಿಲ್ಲಿನ ಖರ್ಚನ್ನು ಸದರಿಯವರು ತಮ್ಮ ಜೇಬಿನಿಂದ ಕೊಟ್ಟಿದ್ದು, ಅದನ್ನು ಕಚೇರಿಯಿಂದ ಕೇಳಿಲ್ಲವಾದ್ದರಿಂದ ಕಚೇರಿಗೆ ಅನುಮಾನ ಹೆಚ್ಚಾಗಿದೆ.

ಈ ಬಗ್ಗೆ ಅಧೀಕ್ಷಕರು ವಿವರಣೆ ಕೇಳಿದಾಗ ಸದರಿಯವರು ನೀಡಿದ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಗಾಡಿ ಕಚೇರೀದೇ ಸಾರ್, ನಾನು ಇಲ್ಲ ಅನ್ನಲ್ಲ. ಮಂಡಿ ಮಾತ್ರ ನಂದು. ಅದನ್ನ ನಾನಲ್ದೆ ಇನ್ಯಾರು ನೋಡ್ಕೋತಾರೆ?"

ಇದು ಕೇಳಿದ ಪ್ರಶ್ನೆಗೆ ಉತ್ತರವಲ್ಲವೆಂದು ಅಧೀಕ್ಷಕರು ತೀರ್ಮಾನಿಸಿರುತ್ತಾರೆ. ಹಿರಿಯ ಗುಮಾಸ್ತೆಯವರಿಗೆ ಉತ್ತರವೆಂದೇ ತೋರಿತು. ಆದರೆ ಅವರ ಅಭಿಪ್ರಾಯ ಕೇಳಿರಲಿಲ್ಲ.

ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಶೀಲಿಸಿ ಈ ಕೆಳಗಿನಂತೆ ಸೂಚಿಸಲಾಗಿದೆ:

1. ತೀರ್ಮಾನವಿಲ್ಲದೆ ಆದ ಸರ್ವಿಸ್ ಆಗಿಲ್ಲವೆಂದೇ ಪರಿಗಣಿಸತಕ್ಕದ್ದು. ಸದರಿ ಗಾಡಿಯ ಸದ್ದು ಈಗ ಚೆನ್ನಾಗಿದೆಯೆಂದು ಸಿಬ್ಬಂದಿಯು ಕಚೇರಿ ವೇಳೆಯಲ್ಲಿ ಹೇಳಕೂಡದು, ತಲೆಯನ್ನೂ ಆಡಿಸಕೂಡದು.

2. ಗಾಡಿಯನ್ನು ಸರ್ವಿಸ್ಸಿನ ಹಿಂದಿನ ಸ್ಥಿತಿಗೆ ತರತಕ್ಕದ್ದು. ತೆಗೆದುಹಾಕಿದ ಹಳೆಯ ಆಯಿಲ್ಲನ್ನು ಸರ್ವಿಸ್ ಸೆಂಟರಿನಿಂದ ಸ್ವೀಕೃತಿ ಪಡೆದು ಹಿಂದಕ್ಕೆ ತಂದು, ಅದರೊಳಗಿನ ಲೋಹದ ಪುಡಿ ಪೂರ್ತಿ ಇದೆಯೇ ಎಂದು ಪರಿಶೀಲಿಸಿ, ಪುನಃ ತುಂಬತಕ್ಕದ್ದು. ಅಲ್ಲಿ ಎಲ್ಲರ ಹಳೆಯ ಆಯಿಲ್ಲನ್ನೂ ಒಂದೇ ಪೀಪಾಯಿಗೆ ಸುರಿಯುತ್ತಾರೆಂದು ತಿಳಿದುಬಂದಿದ್ದು, ಅದರಲ್ಲಿ ನಮ್ಮದನ್ನು ಗುರುತಿಸಲು ಇಬ್ಬರು ಸದಸ್ಯರ ಸಮಿತಿ ರಚಿಸಲಾಗಿದೆ.

3. ಬಿಗಿ ಮಾಡಿರುವ ಚೈನನ್ನು ಪಂಪ್ ಆಪರೇಟರ್‌ರವರು ಮೊದಲಿನಷ್ಟೇ ಸಡಿಲ ಮಾಡತಕ್ಕದ್ದು. ಮೊದಲು ಎಷ್ಟು ಸಡಿಲವಿತ್ತೆಂಬುದನ್ನು ನೆನಪಿರುವವರು ಕೈಬರಹದಲ್ಲಿ ತಿಳಿಸಬಹುದು. ಈ ಸಂದರ್ಭದಲ್ಲಿ ಯಾವುದೇ ಸ್ಕ್ರೂ ಉಳಿದಲ್ಲಿ ಅದನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡತಕ್ಕದ್ದು.

4. ಹಿಂಬರುವಾಗ ಓಡಿದ ಮೂವತ್ತೊಂದು ಕಿಲೋಮೀಟರನ್ನು ಮೀಟರಿನಿಂದ ಕಳೆಯುವ ಉದ್ದೇಶದಿಂದ ಅಧೀಕ್ಷಕರ ಸಮ್ಮುಖದಲ್ಲಿ ಗಾಡಿಯನ್ನು ಆವರಣದಲ್ಲಿ ಹಿಂದಕ್ಕೆ ತಳ್ಳಿಸಿ ನೋಡಲಾಗಿದೆ. ಅಂಕಿ ಕದಲಿಲ್ಲ, ಅಧೀಕ್ಷಕರ ಕಾಲಿನ ಮೇಲೆ ಚಕ್ರ ಹತ್ತಿದೆ. ಪರೀಕ್ಷೆಯನ್ನು ಅವರ ಕಾಲು ಗುಣವಾಗುವವರೆಗೆ ಮುಂದೂಡಲಾಗಿದೆ.

5. ಸ್ವಂತ ಹೊಸ ಗಾಡಿಯುಳ್ಳ ಸಿಬ್ಬಂದಿಯು ಕಚೇರಿಯ ಗಾಡಿಯ ತೀರ್ಮಾನವಾಗುವವರೆಗೆ ತಮ್ಮ ಗಾಡಿಗೆ ಸರ್ವಿಸ್ ಮಾಡಿಸಿ ಕಚೇರಿಯನ್ನು ಮುಜುಗರಕ್ಕೆ ಈಡುಮಾಡಕೂಡದು.

6. ಮೋಟಾರ್ ಸೈಕಲ್ಲನ್ನು ಟಪಾಲು ಬಟವಾಡೆಗಾರರಿಂದ ಹಿಂಪಡೆದು, ದಾಸ್ತಾನು ಕೊಠಡಿಯಲ್ಲಿ ಹೊದಿಕೆ ಹೊದಿಸಿ ಇಡತಕ್ಕದ್ದು. ಸದರಿಯವರು ಸೈಕಲ್ಲಿಗೆ ಮರಳತಕ್ಕದ್ದು. ಉಲ್ಲೇಖ 3ರ ಪ್ರಮಾಣಪತ್ರದಲ್ಲಿ ಬಲ ಮಂಡಿಗೆ ಮಾತ್ರ ವಿಶ್ರಾಂತಿ ಸೂಚಿಸಿರುವುದರಿಂದ, ಎಡಗಾಲೊಂದರಲ್ಲೇ ತುಳಿಯಲು ಸದರಿಯವರಿಗೆ ಮಾನವೀಯ ನೆಲೆಯಲ್ಲಿ ಅನುಮತಿ ನೀಡಲಾಗಿದೆ.

7. ಇಲಾಖೆಯ ಎಲ್ಲ ಸುತ್ತೋಲೆಗಳಂತೆ ಈ ಸುತ್ತೋಲೆಯೂ ಒಂಬತ್ತು ಶಾಖೆಗಳ ಮುಖ್ಯಸ್ಥರ ಸ್ವೀಕೃತಿ ಕಚೇರಿಗೆ ತಲುಪಿದ ದಿನದಿಂದ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಗಾಡಿಯ ಬಳಕೆ ಮೊದಲ ಹನ್ನೆರಡು ದಿನ ಹೇಗಿತ್ತೋ ಹಾಗೆಯೇ ಮುಂದುವರಿಯತಕ್ಕದ್ದು.

ಸಹಿ/-
ಅಧೀಕ್ಷಕರು
(ಮೊದಲ ಪುಟವನ್ನು ಓದಿ ಅನುಮೋದಿಸಿದೆ)

ಕರಡು ಮತ್ತು ಪ್ರತಿಗಳ ಪಟ್ಟಿ: ಹಿರಿಯ ಗುಮಾಸ್ತೆ

ಪ್ರತಿಗಳು:

1. ಮೇಲಿನ ಕಚೇರಿಗೆ, ಚರ್ಚಿಸಲು.

2. ಪಂಪ್ ಆಪರೇಟರ್‌ರವರಿಗೆ, ಸ್ಪ್ಯಾನರ್ ಮುಟ್ಟುವ ಮೊದಲು ಕ್ರಮಸಂಖ್ಯೆ 7ನ್ನು ಓದಿಕೊಳ್ಳುವ ಸೂಚನೆಯೊಂದಿಗೆ.

3. ಸರ್ವಿಸ್ ಸೆಂಟರಿನ ಮೆಕ್ಯಾನಿಕ್‌ರವರಿಗೆ, ಮಾಹಿತಿಗಾಗಿ.

4. ಒಂದರಿಂದ ಎಂಟನೆಯವರೆಗಿನ ಶಾಖೆಗಳ ಮುಖ್ಯಸ್ಥರಿಗೆ, ಸ್ವೀಕೃತಿಗಾಗಿ.

5. ಒಂಬತ್ತನೆಯ ಶಾಖೆಯ ಮುಖ್ಯಸ್ಥರಿಗೆ, ಸ್ವೀಕೃತಿಗಾಗಿ. ಸದರಿ ಶಾಖೆಯು ಕಳೆದ ತಿಂಗಳು ಮುಚ್ಚಿದ್ದು, ಮುಖ್ಯಸ್ಥರು ನಿವೃತ್ತರಾಗಿ ಮಗಳ ಮನೆಗೆ ಹೋಗಿರುತ್ತಾರೆ; ಶಾಖೆಯನ್ನು ಪಟ್ಟಿಯಿಂದ ತೆಗೆಯುವ ಕಡತ ಮೇಲಿನ ಕಚೇರಿಯಲ್ಲಿದೆ.

6. ಟಪಾಲು ಬಟವಾಡೆಗಾರರಿಗೆ, ತುರ್ತು ಕ್ರಮಕ್ಕಾಗಿ. ಒಂಬತ್ತನೆಯ ಶಾಖೆಯ ಸ್ವೀಕೃತಿ ಸಿಗುವವರೆಗೆ ಸದರಿಯವರು ಪ್ರತಿದಿನ ತಪ್ಪದೆ ಅಲ್ಲಿಗೆ ಮೋಟಾರ್ ಸೈಕಲ್ಲಿನಲ್ಲಿ ಹೋಗಿ, ಬಾಗಿಲು ತಟ್ಟಿ, ಐದು ನಿಮಿಷ ಕಾದು, ಹಿಂದಿರುಗತಕ್ಕದ್ದು.